ಹೊಳೆ ಬದಲಾಗಿದೆ, ಮಾಡೆಲ್ ಬದಲಾಗಿಲ್ಲ: ಪಿಎಚ್‌ಡಿ ತರಗತಿಯ ಜಲಲೆಕ್ಕ

ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ ತಿಪ್ಪಗೊಂಡನಹಳ್ಳಿ ಜಲಾಶಯ ಬೆಂಗಳೂರಿಗೆ ದಶಕಗಳ ಕಾಲ ನೀರು ಕೊಟ್ಟಿತು. ಮುಂದೆ ಒಳಹರಿವು ಕುಸಿಯುತ್ತಾ ಹೋಯಿತು. ಆ ಕುಸಿತವನ್ನು ವಿವರಿಸುವಷ್ಟು ಮಳೆಯೇನೂ ಕಡಿಮೆಯಾಗಿರಲಿಲ್ಲ. ಇಂಥ ಹೊಳೆಯನ್ನು ಕಂಪ್ಯೂಟರಿನಲ್ಲಿ ಹರಿಸಲು ಹೊರಟ ಸಂಶೋಧನಾ ವಿದ್ಯಾರ್ಥಿ ಮೊದಲ ವರ್ಷವೇ ತೊಡಕಿಗೆ ಸಿಕ್ಕುತ್ತಾರೆ. ಜಲಾನಯನ ಪ್ರದೇಶದ ಗುಣ ನಿನ್ನೆ ಇದ್ದಂತೆಯೇ ನಾಳೆಯೂ ಇರುತ್ತದೆಂಬ ನಂಬಿಕೆಯ ಮೇಲೆ ಅವರು ಕಲಿತ ಮಾಡೆಲ್, ಅಂದರೆ ಮಳೆಯಿಂದ ಹೊಳೆಯ ಹರಿವನ್ನು ಲೆಕ್ಕಹಾಕುವ ಕಂಪ್ಯೂಟರ್ ಸೂತ್ರಗಳ ಕಂತೆ, ನಿಂತಿದೆ.

ಆ ನಂಬಿಕೆ ಹಳೆಯದು. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಳೆ-ಹರಿವಿನ ಲೆಕ್ಕ ಕಂಪ್ಯೂಟರಿಗೆ ಹತ್ತಿತು. 1970ರಲ್ಲಿ ನ್ಯಾಶ್ ಮತ್ತು ಸಟ್‌ಕ್ಲಿಫ್ ಎಂಬ ಜಲವಿಜ್ಞಾನಿಗಳು, ಆ ಲೆಕ್ಕ ಅಳೆದ ಹರಿವಿಗೆ ಎಷ್ಟು ಹೊಂದುತ್ತದೆಂದು ಹೇಳುವ ಅಂಕ ಕೊಟ್ಟರು. 1990ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ 'ಸ್ವಾಟ್' ಎಂಬ ಮಾಡೆಲ್ ಬಂತು. ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಬೇಗ ಬೇರೂರಿತು. ಯುಜಿಸಿ 2009ರಲ್ಲಿ ಪಿಎಚ್‌ಡಿಗೆ ಕೋರ್ಸ್‌ವರ್ಕ್ ಕಡ್ಡಾಯ ಮಾಡಿತು. ಸಿಗುವ ಒಂದು ಸೆಮಿಸ್ಟರಿನಲ್ಲಿ ನಕ್ಷೆ ಜೋಡಿಸಿ, ಮಾಡೆಲ್ ಓಡಿಸಿ, ಅಂಕ ತೆಗೆಯುವುದರಲ್ಲೇ ದಿನ ಕಳೆದರೆ ಹೊಳೆಯ ದಂಡೆಗೆ ಹೋಗಲು ಹೊತ್ತು ಉಳಿಯುವುದಿಲ್ಲ.

ಎಡವಟ್ಟು ಆಗುವುದು ಎಲ್ಲಿ? 'ಕರ್ವ್ ನಂಬರ್' ತೆಗೆದುಕೊಳ್ಳಿ. ಬಿದ್ದ ಮಳೆಯಲ್ಲಿ ಎಷ್ಟು ನೆಲದ ಮೇಲೆಯೇ ಹರಿದುಹೋಗುತ್ತದೆ ಎಂದು ಹೇಳುವ ಸಂಖ್ಯೆ ಇದು. 50 ಮಿ.ಮೀ. ಮಳೆಗೆ ಈ ಸಂಖ್ಯೆ 75 ಇದ್ದರೆ ಹರಿವು ಸುಮಾರು 9 ಮಿ.ಮೀ.; 85 ಮಾಡಿದರೆ ಸುಮಾರು 20. ಹತ್ತು ಅಂಕ ತಿರುಗಿಸಿದರೆ ನೀರು ಎರಡು ಪಟ್ಟು ದಾಟುತ್ತದೆ. ಮಳೆಮಾಪಕ ದೂರದಲ್ಲಿದ್ದು ಲೆಕ್ಕ ತಪ್ಪಿದ್ದರೂ, ಮೇಲಿನ ಕೆರೆ ನೀರು ತಡೆದಿದ್ದರೂ, ಈ ಒಂದು ತಿರುಗಣೆಯಿಂದಲೇ ಮಾಡೆಲಿನ ಗೀಟನ್ನು ಅಳೆದ ಹರಿವಿನ ಗೀಟಿಗೆ ಕೂರಿಸಬಹುದು. ಉತ್ತರ ಸರಿ, ಕಾರಣ ತಪ್ಪು.

ನ್ಯಾಶ್-ಸಟ್‌ಕ್ಲಿಫ್ ಅಂಕವೂ ಇದನ್ನು ಮುಚ್ಚಿಡುತ್ತದೆ. 1 ಬಂದರೆ ಪೂರ್ತಿ ಹೊಂದಿಕೆ. 0 ಬಂದರೆ ಬರೀ ಸರಾಸರಿ ಹೇಳಿದಷ್ಟೇ. ತಪ್ಪನ್ನು ವರ್ಗ ಮಾಡಿ ಕೂಡುವುದರಿಂದ ಪ್ರವಾಹದ ದಿನದ 10 ಘನ ಮೀಟರ್ ವ್ಯತ್ಯಾಸ 100 ಆಗಿ ಕೂರುತ್ತದೆ. ಬೇಸಿಗೆಯಲ್ಲಿ 1 ಇರುವ ಹರಿವನ್ನು ಮಾಡೆಲ್ 2 ಎಂದರೆ, ಎರಡು ಪಟ್ಟು ತಪ್ಪಿದರೂ, ಲೆಕ್ಕಕ್ಕೆ ಬರುವುದು ಬರೀ 1. ಊರಿಗೆ ಕುಡಿಯುವ ನೀರು ಬೇಕಿರುವುದು ಆ ಬೇಸಿಗೆಯಲ್ಲೇ.

ಇದಕ್ಕೆ ಮದ್ದು ಇರಲಿಲ್ಲವೆಂದೇನಲ್ಲ. ಒಂದು ಬಗೆಯ ವರ್ಷಗಳಲ್ಲಿ ಹೊಂದಿಸಿದ ಮಾಡೆಲನ್ನು ಬೇರೆ ಬಗೆಯ ವರ್ಷಗಳಲ್ಲಿ ಪರೀಕ್ಷಿಸಿ ಎಂದು ಜಲವಿಜ್ಞಾನಿ ಕ್ಲೆಮೆಶ್ 1986ರಲ್ಲೇ ಬರೆದಿದ್ದರು: ಹೆಚ್ಚು ಮಳೆಯ ವರ್ಷಗಳಲ್ಲಿ ಹೊಂದಿಸಿ, ಬರದ ವರ್ಷಗಳಲ್ಲಿ ಓಡಿಸಿ ನೋಡುವುದು. ಸರಳವಾದ ಈ ಪರೀಕ್ಷೆ ಪಠ್ಯದ ಅಂಚಿನಲ್ಲೇ ಉಳಿಯಿತು. ಪರೀಕ್ಷೆಗಿಟ್ಟರೆ ಅಂಕ ಬೀಳುತ್ತದೆ, ಅಂಕ ಬಿದ್ದರೆ ಲೇಖನ ಅಚ್ಚಾಗುವುದು ಕಷ್ಟ. 2008ರಲ್ಲಿ ಜಲವಿಜ್ಞಾನಿ ಮಿಲ್ಲಿ ಮತ್ತು ಸಂಗಡಿಗರು, ಹಿಂದಿನ ದಾಖಲೆಯೇ ಮುಂದಿನದಕ್ಕೆ ಅಳತೆಗೋಲು ಎಂಬ ಕಾಲ ಮುಗಿಯಿತೆಂದು ಬರೆದ ಮೇಲೆ ಚರ್ಚೆ ಬಿಸಿಯೇರಿತು. ಅಂತರರಾಷ್ಟ್ರೀಯ ಜಲವಿಜ್ಞಾನ ಸಂಘ 2013ರಿಂದ 2022ರವರೆಗಿನ ದಶಕವನ್ನು ನೀರು ಮತ್ತು ಸಮಾಜಗಳ ಬದಲಾವಣೆಯ ಅಧ್ಯಯನಕ್ಕೇ ಮೀಸಲಿಟ್ಟಿತು.

ಅರ್ಕಾವತಿಯ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ದೊಡ್ಡ ಪಾಠ. ಒಂದೇ ಮಾಡೆಲಿಗೆ ಜೋತುಬೀಳದೆ ಐದು ಕಾರಣಗಳನ್ನು ಅದು ಒರೆಗೆ ಹಚ್ಚಿತು: ಮಳೆಯ ಇಳಿಕೆ, ತಾಪಮಾನದ ಏರಿಕೆ, ಕೊಳವೆಬಾವಿ, ನೀಲಗಿರಿ ತೋಪು, ಹೊಳೆಗೆ ಅಡ್ಡ ಕಟ್ಟಿದ ಒಡ್ಡುಗಳು. ಹವಾಮಾನಕ್ಕಿಂತ ಅಂತರ್ಜಲ ಎತ್ತುವಿಕೆ ಮತ್ತು ನೀಲಗಿರಿಯ ಕಡೆಗೇ ಸಾಕ್ಷ್ಯ ಹೆಚ್ಚು ವಾಲಿತು. ಒಡ್ಡುಗಳ ಪಾಲು ಅವಕ್ಕಿಂತ ಕಡಿಮೆ.

ಹೀಗೆ ಕಲಿಸಲು ಹೆಚ್ಚೇನೂ ಬೇಡ. ಮೊದಲ ತಿಂಗಳು ಸಾಫ್ಟ್‌ವೇರ್ ಮುಚ್ಚಿಟ್ಟು ಕೊಳವೆಬಾವಿಯ ನೀರಿನ ಮಟ್ಟವನ್ನೂ ಹೊಳೆತಳದ ಎತ್ತರವನ್ನೂ ಒಂದೇ ಹಾಳೆಯಲ್ಲಿ ಬರೆಸಬೇಕು. ಮಟ್ಟ ತಳಕ್ಕಿಂತ ಕೆಳಗಿದ್ದಲ್ಲಿ ಅಂತರ್ಜಲದಿಂದ ಹೊಳೆಗೆ ನೀರು ಒಸರುವುದಿಲ್ಲ. ಆದರೂ ಮಾಡೆಲ್ ಅಲ್ಲಿ ಬೇಸಿಗೆಯ ಹರಿವು ತೋರಿಸುತ್ತಿದ್ದರೆ ಅದರ ಅಂತರ್ಜಲ ಭಾಗ ಕೆಟ್ಟಿದೆ ಎಂದೇ ಲೆಕ್ಕ. ನಂತರ ಕ್ಲೆಮೆಶ್ ಪರೀಕ್ಷೆ. ತುಂಬಿದ ವರ್ಷಗಳಲ್ಲಿ 0.8 ಬಂದ ಅಂಕ ಒಣ ವರ್ಷಗಳಲ್ಲಿ 0.3ಕ್ಕೆ ಇಳಿದರೆ ಆ ಎರಡನ್ನೂ ಪ್ರಬಂಧದಲ್ಲಿ ಅಕ್ಕಪಕ್ಕ ಅಚ್ಚು ಹಾಕಲು ಬಿಡಬೇಕು, ಗೈಡ್ ಸಹಿಯೊಂದಿಗೆ.