ಅಬ್‌ಹಾರ್: ಉಚ್ಚಾರ, ಅರ್ಥ, ಬಳಕೆ

ಇಂಗ್ಲಿಷಿನ ಈ ಕ್ರಿಯಾಪದದ ಅರ್ಥ ತೀರಾ ಹೇಸುವುದು, ಕಡುವಾಗಿ ದ್ವೇಷಿಸುವುದು. ಅಕ್ಷರಗಳು ಎ, ಬಿ, ಎಚ್, ಓ, ಆರ್. ನಮ್ಮ ನಾಲಿಗೆ ಬಿ, ಎಚ್ ಎರಡನ್ನೂ ಬೆಸೆದು ‘ಅಭೋರ್’ ಅಂದುಬಿಡುತ್ತದೆ. ಇಲ್ಲಿ ಭಕಾರವಿಲ್ಲ. ‘ಅಬ್’ ಎಂದು ತುಟಿ ಮುಚ್ಚಿ, ಆಮೇಲೆ ‘ಹಾರ್’ ಅನ್ನಿ. ಒತ್ತು ಎರಡನೆಯದರ ಮೇಲೆ.

ಲ್ಯಾಟಿನ್ನಿನಲ್ಲಿ ‘ಅಬ್’ ಎಂದರೆ ದೂರ, ‘ಹೊರ್ರೇರೆ’ ಎಂದರೆ ಮೈ ನವಿರೇಳುವುದು, ನಡುಗುವುದು. ‘ಹಾರರ್’ ಹುಟ್ಟಿದ್ದೂ ಅಲ್ಲಿಂದಲೇ. ಸಂಸ್ಕೃತದ ‘ರೋಮಹರ್ಷ’ದಲ್ಲಿರುವ ಹೃಷ್ ಧಾತು ಇದರ ದೂರದ ನೆಂಟ, ಅಲ್ಲಿ ಹಿಗ್ಗಿಗೂ ರೋಮ ನಿಮಿರುತ್ತದೆ, ಇಲ್ಲಿ ಹೇಸಿಗೆಗೆ ಮಾತ್ರ.

ಹಾಗಲಕಾಯಿ ಸೇರದು ಅನ್ನಲು ‘ಹೇಟ್’ ಸಾಕು. ಮನಸ್ಸಾಕ್ಷಿಯೇ ಒಪ್ಪದ ಕಡೆ ‘ಅಬ್‌ಹಾರ್’ ಬಳಸಿ: ಅಸ್ಪೃಶ್ಯತೆ, ಚಿತ್ರಹಿಂಸೆ, ಜನಾಂಗದ್ವೇಷ. ಇದು ಪ್ರಬಂಧ, ಭಾಷಣ, ಸಂಪಾದಕೀಯಗಳ ಪದ. ಹರಟೆಯಲ್ಲಿ ತಂದರೆ ಭಾರವಾಗುತ್ತದೆ.

ಹೆಚ್ಚು ತಪ್ಪುವುದು ವಾಕ್ಯ ಕಟ್ಟುವಾಗ. ನಾವು ‘ಹಿಂಸೆಯ ಬಗ್ಗೆ ಜಿಗುಪ್ಸೆ’, ‘ಅವನ ಮೇಲೆ ದ್ವೇಷ’ ಅನ್ನುತ್ತೇವೆ. ಆ ‘ಬಗ್ಗೆ’, ‘ಮೇಲೆ’ಗಳೇ ‘ಅಬೌಟ್’, ‘ಆನ್’ ಆಗಿ ನುಸುಳುತ್ತವೆ. ಈ ಕ್ರಿಯಾಪದಕ್ಕೆ ನೇರ ಕರ್ಮ ಬೇಕು: ‘ಶಿ ಅಬ್‌ಹಾರ್ಸ್ ವಯಲೆನ್ಸ್’. ಕರ್ಮ ಒಂದು ಕೆಲಸವಾದರೆ ‘ಟು’ ಬೇಡ, ‘ಇಂಗ್’ ರೂಪ ಹಾಕಿ: ‘ಹಿ ಅಬ್‌ಹಾರ್ಸ್ ಟೆಲಿಂಗ್ ಲೈಸ್’. ಮನಸ್ಸಿನ ಸ್ಥಿತಿ ಹೇಳುವ ಕ್ರಿಯಾಪದವಾದ್ದರಿಂದ ‘ಐ ಆಮ್ ಅಬ್‌ಹಾರಿಂಗ್’ ಪರೀಕ್ಷೆಯಲ್ಲಿ ಅಂಕ ಕಳೆಯುತ್ತದೆ.

ಭೂತಕಾಲ ‘ಅಬ್‌ಹಾರ್ಡ್’, ನಾಮಪದ ‘ಅಬ್‌ಹಾರೆನ್ಸ್’, ವಿಶೇಷಣ ‘ಅಬ್‌ಹಾರೆಂಟ್’; ಮೂರರಲ್ಲೂ ಆರ್ ಎರಡು. ನಾಮಪದದ ಜೊತೆ ‘ಆಫ್’, ವಿಶೇಷಣದ ಜೊತೆ ‘ಟು’: ‘ಸ್ಲೇವರಿ ಈಸ್ ಅಬ್‌ಹಾರೆಂಟ್ ಟು ಅಸ್’. ಒತ್ತಿ ಹೇಳಬೇಕಿದ್ದರೆ ‘ಅಟರ್ಲಿ ಅಬ್‌ಹಾರೆಂಟ್’ ರೂಢಿಯ ಜೋಡಿ. ‘ಸ್ವಲ್ಪ ಅಬ್‌ಹಾರ್’ ಅನ್ನುವುದು ಇಲ್ಲ, ಪದವೇ ತುತ್ತತುದಿಯದು.

‘ನೇಚರ್ ಅಬ್‌ಹಾರ್ಸ್ ಅ ವ್ಯಾಕ್ಯೂಮ್’, ಅಂದರೆ ಪ್ರಕೃತಿ ಶೂನ್ಯವನ್ನು ಸಹಿಸದು, ಅರಿಸ್ಟಾಟಲನ ಕಾಲದ ವಿಚಾರ. 17ನೇ ಶತಮಾನದಲ್ಲಿ ಇಟಲಿಯ ವಿಜ್ಞಾನಿ ಟೊರಿಚೆಲ್ಲಿಯ ಕೊಳವೆಯಲ್ಲಿ ಪಾದರಸದ ಕಂಬ ಸುಮಾರು 76 ಸೆಂ.ಮೀ.ಗೆ ನಿಂತು, ಅದನ್ನು ಎತ್ತಿ ಹಿಡಿದದ್ದು ಶೂನ್ಯದ ಮೇಲಿನ ಹೇಸಿಗೆಯಲ್ಲ, ಹೊರಗಿನ ಗಾಳಿಯ ಒತ್ತಡ ಎಂದು ತೋರಿತು. ನಾಯಕನಿಲ್ಲದ ಜಾಗಕ್ಕೆ ಬೇರೊಬ್ಬ ನುಗ್ಗಿದಾಗ ರಾಜಕೀಯ ಬರಹಗಾರರು ಈಗಲೂ ಇದನ್ನೇ ಬಳಸುತ್ತಾರೆ.

ಹತ್ತಿರದ ಪದ ‘ಲೋದ್’. ಅನ್ನ ಸಾರು ಮುಟ್ಟಲಾಗದ ಓಕರಿಕೆಗೂ ಅದು ಹೊಂದುತ್ತದೆ. ಬರೆಯುವಾಗ ಕೊನೆಯ ‘ಇ’ ಬಿಡಬೇಡಿ. ಅದಿಲ್ಲದ ‘ಲೋಥ್’ ವಿಶೇಷಣ, ಅರ್ಥ ‘ಮನಸ್ಸಿಲ್ಲದ’: ‘ಐ ಆಮ್ ಲೋಥ್ ಟು ಗೋ’ ಎಂದರೆ ಹೋಗಲು ಮನಸ್ಸಿಲ್ಲ ಎಂದಷ್ಟೇ.