ಮರದ ದೋಣಿ ಮಗುಚುವುದು: ಎತ್ತುವ ಲೆಕ್ಕ, ಇಳಿಸುವ ಲೆಕ್ಕ

ತುಮಕೂರು ಜಿಲ್ಲೆಯ ಕೆರೆಗಳಲ್ಲಿ ಹೆಚ್ಚಾಗಿ ಕಾಣುವುದು ಹರಿಗೋಲು. ಅದರ ತಳ ಸೋರಿದರೆ ಒಬ್ಬನೇ ತಲೆಯ ಮೇಲೆ ಹೊತ್ತು ದಡಕ್ಕೆ ತಂದು ಬೋರಲು ಹಾಕಬಹುದು. ಮರದ ದೋಣಿ ಹಾಗಲ್ಲ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷೆಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ ಇಂಥದೊಂದು ದೋಣಿಯ ತಳ ರಿಪೇರಿಗೆ ಆಚಾರ್ರ ಜೊತೆ ಎರಡು ಬೇಸಿಗೆ ಕೈಗೂಡಿಸಿದ್ದೇನೆ. ಮರಗೆಲಸ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಹಲಗೆ ಬದಲಿಸುವುದನ್ನು ಬಹಳ ಜನ ಹೇಳಿಕೊಡುತ್ತಾರೆ. ಅದಕ್ಕೆ ಮುಂಚಿನ ಮಗುಚುವ ಕೆಲಸವನ್ನು 'ನಾಲ್ಕು ಜನ ಸೇರಿ ಉರುಳಿಸಿ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಮೊದಲ ಬೇಸಿಗೆ ನಾವೂ ಹಾಗೇ ಉರುಳಿಸಿದೆವು. ದೋಣಿ ಕೈತಪ್ಪಿ ಬಿತ್ತು, ಅಂಚಿನ ಪಟ್ಟಿ ಮೊಳೆಗಳ ಸಾಲಿನುದ್ದಕ್ಕೂ ಎರಡಡಿ ಸೀಳಿತು. ತಳದ ರಿಪೇರಿಗೆ ಬಂದವರು ಅಂಚಿನ ರಿಪೇರಿಯನ್ನೂ ಮಾಡಬೇಕಾಯಿತು. ಯಾರ ಕಾಲೂ ಅಡಿಯಲ್ಲಿ ಸಿಗಲಿಲ್ಲ ಎಂಬುದೇ ನಮ್ಮ ಪುಣ್ಯ. ಎಲ್ಲಿ ತಪ್ಪಿದೆವು ಎಂದು ಆಮೇಲೆ ಲೆಕ್ಕ ಹಾಕಿ ನೋಡಿದೆ.

ಮೊದಲು ತೂಕ. ನಮ್ಮದು ಚಪ್ಪಟೆ ತಳದ ದೋಣಿ: ಉದ್ದ 4 ಮೀಟರ್, ಅಗಲ 1.2 ಮೀಟರ್, ಪಕ್ಕದ ಎತ್ತರ 45 ಸೆಂಟಿಮೀಟರ್. ತಳದ ಎರಡು ತುದಿ ಕಿರಿದಾಗುವುದನ್ನು ಕಳೆದು, ತಳ, ಪಕ್ಕ, ತುದಿ ಎಲ್ಲ ಸೇರಿ ಹಲಗೆ ಸುಮಾರು 8.3 ಚದರ ಮೀಟರ್. ದಪ್ಪ 25 ಮಿಲಿಮೀಟರ್. ಗುಣಿಸಿದರೆ 0.2 ಘನ ಮೀಟರಿಗೆ ತುಸು ಹೆಚ್ಚು ಮರ. ತೇಗ ಘನ ಮೀಟರಿಗೆ ಸುಮಾರು 650 ಕೆ.ಜಿ. ತೂಗುತ್ತದೆ, ಅಂದರೆ ಹಲಗೆಯೇ 135 ಕೆ.ಜಿ. ಒಳಗಿನ ಅಡ್ಡಪಟ್ಟಿ, ಕೂರುವ ಹಲಗೆಗಳಿಗೆ 35, ಮರ ಕುಡಿದ ನೀರಿಗೆ ಹತ್ತು ಸೇರಿಸಿ 180 ಎಂದಿಟ್ಟುಕೊಂಡೆ. ತಳದಲ್ಲಿ ನಿಂತ ನೀರನ್ನು ಕೊನೆಯ ತಂಬಿಗೆಯವರೆಗೂ ತೋಡಿ ಹಾಕಿ. ತಳದಗಲಕ್ಕೂ ಒಂದೇ ಒಂದು ಸೆಂಟಿಮೀಟರ್ ನೀರು ಉಳಿದರೂ ಅದು 40 ಲೀಟರ್, ಅಂದರೆ 40 ಕೆ.ಜಿ. ಅದೂ ದೋಣಿ ವಾಲಿದ ಕಡೆಗೇ ಓಡುವ ತೂಕ.

ಇನ್ನು ಗುರುತ್ವ ಕೇಂದ್ರ. ತಳದ ಹಲಗೆಯೇ ಭಾರವಾದ್ದರಿಂದ ಅದು ತಳದಿಂದ ಬರೀ 13 ಸೆಂಟಿಮೀಟರ್ ಮೇಲಿರುತ್ತದೆ. ಪಕ್ಕಗಳು ಡಬ್ಬಿಯ ಹಾಗೆ ನೆಟ್ಟಗಿವೆ ಎಂದುಕೊಂಡು ಲೆಕ್ಕ ಮಾಡಿದ್ದೇನೆ. ನಿಮ್ಮ ದೋಣಿಯ ಪಕ್ಕಗಳು ಹೊರಗೆ ಬಾಗಿದ್ದರೆ ಅಂಕಿ ಸ್ವಲ್ಪ ಸರಿಯುತ್ತದೆ, ಸಂಗತಿ ಬದಲಾಗುವುದಿಲ್ಲ.

ಈಗ ಮಗುಚೋಣ. ಎಲ್ಲರೂ ಒಂದೇ ಪಕ್ಕದಲ್ಲಿ ನಿಂತು ಅಂಚು ಹಿಡಿದು ಎತ್ತುತ್ತೀರಿ. ಮೊದಲ ಎತ್ತಿಗೆ ಬೇಕಾದ್ದು ಅರ್ಧ ತೂಕ, 90 ಕೆ.ಜಿ. ನಾಲ್ವರಿಗೆ ಹಂಚಿದರೆ ತಲೆಗೆ 22–23. ಏಳುತ್ತಾ ಏಳುತ್ತಾ ಹಗುರಾಗುತ್ತದೆ. ಸುಮಾರು 78 ಡಿಗ್ರಿಗೆ ಗುರುತ್ವ ಕೇಂದ್ರ ಆಚೆಯ ತಳದಂಚಿನ ನೇರ ಮೇಲೆ ಬರುತ್ತದೆ, ಆಮೇಲೆ ದೋಣಿ ತಾನೇ ಪಕ್ಕಕ್ಕೆ ಒರಗಿ ನಿಲ್ಲುತ್ತದೆ. ಇದು ಮೊದಲ ದಿಬ್ಬ. ಇದನ್ನು ದಾಟಿ ಬೀಳುವಾಗ ಗುರುತ್ವ ಕೇಂದ್ರ ಇಳಿಯುವುದು ಒಂದೂವರೆ ಸೆಂಟಿಮೀಟರ್ ಕೂಡ ಇಲ್ಲ. ಅದಕ್ಕೇ ಆಗ ಏನೂ ಆಗುವುದಿಲ್ಲ, ಅದಕ್ಕೇ ಎಲ್ಲರಿಗೂ ಧೈರ್ಯ ಬಂದುಬಿಡುತ್ತದೆ. ನಾವು ಏಮಾರಿದ್ದು ಇಲ್ಲೇ.

ಪಕ್ಕದ ಮೇಲೆ ನಿಂತ ದೋಣಿ ಗಟ್ಟಿಯಾಗಿ ನಿಂತಿರುತ್ತದೆ. ಉಸಿರು ತೆಗೆದುಕೊಳ್ಳಲು, ಕೈ ಬದಲಿಸಲು, ಹಗ್ಗ ನೋಡಿಕೊಳ್ಳಲು ಇರುವ ಜಾಗ ಇದು. ಆಚಾರ್ರು ಎರಡನೇ ವರ್ಷ ಇಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಅಡಿಗೆ ಬಗ್ಗಿ, ನೆಲಕ್ಕೆ ತಾಗಿದ ಅಂಚಿನ ಆಚೆ ಎರಡು ಗೂಟ ಬಡಿದರು. ದೋಣಿಯ ಬಾಯಿ ಕಡೆ ಹೋಗಿ ಇಣುಕುತ್ತಿದ್ದ ಹುಡುಗನಿಗೆ, "ಈಚೆ ಬಾರಪ್ಪ, ಅಲ್ಲಿ ಯಾರೂ ನಿಲ್ಲಂಗಿಲ್ಲ. ಇಲ್ಲಿಗಂಟ ನಾವು ತಳ್ಳಿದ್ದು, ಇನ್ಮುಂದಕ್ಕೆ ಅದೇ ಹೋಯ್ತದೆ" ಅಂದರು. ನನ್ನ ಲೆಕ್ಕವೆಲ್ಲ ಅವರ ಆ ಒಂದು ಮಾತಿನ ವಿವರಣೆ.

ಏಕೆಂದರೆ ಎರಡನೇ ದಿಬ್ಬ ಬೇರೆ ಥರ. ಈಗ ದೋಣಿ ತಿರುಗುವುದು ನೆಲಕ್ಕೆ ತಾಗಿದ ಬಾಯಂಚಿನ ಮೇಲೆ. ಗುರುತ್ವ ಕೇಂದ್ರ ಆ ಅಂಚಿನಿಂದ 32 ಸೆಂಟಿಮೀಟರ್ ಈಚೆಗಿದೆ, ನೆಲದಿಂದ 60 ಎತ್ತರದಲ್ಲಿದೆ. ದಾಟಿಸಲು ಇನ್ನೂ 28 ಡಿಗ್ರಿ ತಳ್ಳಬೇಕು. ಬಗ್ಗಿ ಕೆಳಗಿನ ತಳದಂಚಿಗೆ ಕೈಹಾಕಿ ಎತ್ತಿದರೆ 128 ಕೆ.ಜಿ. ಬಲ ಬೇಕು. ನೆಟ್ಟಗೆ ನಿಂತು 1.2 ಮೀಟರ್ ಎತ್ತರದ ಮೇಲಂಚನ್ನು ತಳ್ಳಿದರೆ 48 ಸಾಕು. ಅದೇ ದೋಣಿ, ಅದೇ ಜನ, ಕೈ ಇಟ್ಟ ಜಾಗ ಮಾತ್ರ ಬೇರೆ. ಮೇಲೆ ತಳ್ಳುವಾಗ ಅಡಿ ಜಾರುತ್ತದೆ, ಗೂಟ ಬಡಿದದ್ದು ಅದಕ್ಕೇ.

ದಾಟುವ ಗಳಿಗೆಯಲ್ಲಿ ಗುರುತ್ವ ಕೇಂದ್ರ ನೆಲದಿಂದ 68 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಬೋರಲಾಗಿ ಕೂತಾಗ 32. ಅಂದರೆ 180 ಕೆ.ಜಿ. 36 ಸೆಂಟಿಮೀಟರ್ ಇಳಿಯುತ್ತದೆ. 50 ಕೆ.ಜಿ.ಯ ಸಿಮೆಂಟ್ ಮೂಟೆಯನ್ನು 1.3 ಮೀಟರ್ ಎತ್ತರದಿಂದ ಕೈಬಿಟ್ಟಷ್ಟು ಪೆಟ್ಟು, ಅದೂ ಒಂದು ತೆಳ್ಳನೆ ಅಂಚುಪಟ್ಟಿಯ ಮೇಲೆ. ನಮ್ಮ ಪಟ್ಟಿ ಸೀಳದೆ ಇನ್ನೇನಾದೀತು?

ಹಾಗಾಗಿ ಹಗ್ಗ. ಎತ್ತುವ ಮುಂಚೆಯೇ, ಎತ್ತುವವರ ಪಕ್ಕದ ಒಳ ಅಡ್ಡಪಟ್ಟಿಗಳಿಗೆ ಎರಡು ಕಡೆ ಹಗ್ಗ ಬಿಗಿದು, ಎತ್ತುವವರ ಬೆನ್ನ ಹಿಂದಿನ ಮರಕ್ಕೆ ಒಂದೂವರೆ ಸುತ್ತು ಹಾಕಿ. ಗಂಟು ಬೇಡ, ಸುತ್ತು ಮಾತ್ರ. ನಮಗೆ ಸಿಕ್ಕಿದ್ದು ದಡದ ಹೊಂಗೆ ಮರ. ಹಗ್ಗಕ್ಕೂ ತೊಗಟೆಗೂ ಘರ್ಷಣೆಯ ಅಂಕ 0.3 ಎಂದು ಹಿಡಿದರೂ, ಒಂದೂವರೆ ಸುತ್ತಿನಲ್ಲಿ ಕೈಯ ಹಿಡಿತ ಸುಮಾರು 17 ಪಟ್ಟಾಗುತ್ತದೆ. ಒಬ್ಬ ನಿಧಾನವಾಗಿ ಸಡಿಲಿಸುತ್ತಾ ಹೋದರೆ ದೋಣಿ ನಿಧಾನವಾಗಿ ಒರಗುತ್ತದೆ.

ಆದರೆ ಹಗ್ಗವನ್ನು ಕೊನೆತನಕ ನಂಬಬೇಡಿ. ದೋಣಿ ನಿಂತಿರುವಾಗ ಹಗ್ಗ ಅದಕ್ಕೆ ಅಡ್ಡಲಾಗಿ ಎಳೆಯುತ್ತದೆ, ಚೆನ್ನಾಗಿ ತಡೆಯುತ್ತದೆ. ಮಲಗುತ್ತಾ ಬಂದಂತೆ ಹಗ್ಗ ಹಲಗೆಯ ಮೇಲೇ ಚಾಚಿಕೊಳ್ಳುತ್ತದೆ. ಆಗ ಅದು ದೋಣಿಯನ್ನು ಹಿಂದಕ್ಕೆ ಎಳೆಯುತ್ತದೆಯೇ ಹೊರತು ಮೇಲಕ್ಕೆ ಹಿಡಿಯುವುದಿಲ್ಲ. ಕೊನೆಯ ಒಂದಡಿಗೆ ಬೇರೆ ಆಸರೆ ಬೇಕು. ನಾವು ಲಾರಿಯ ಹಳೇ ಟಯರ್ ಎರಡನ್ನು ಅಂಚು ಬೀಳುವ ಜಾಗದಲ್ಲಿಟ್ಟು, ಅದರ ಮೇಲೆ ತೆಂಗಿನ ಸಿಪ್ಪೆ ತುಂಬಿದ ಗೋಣಿಚೀಲ ಹಾಕಿದೆವು. ಸಿಪ್ಪೆಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ದೋಣಿ ಅದರ ಮೇಲೆ ಕೂತು 'ಹುಸ್' ಎಂದಿತು, ಅಷ್ಟೇ.

ತಳದ ಕೆಲಸವನ್ನು ಬೇಗ ಹೇಳಿಬಿಡುತ್ತೇನೆ. ಅಂಚುಗಳ ಕೆಳಗೆ ಇಟ್ಟಿಗೆ ಕೊಟ್ಟು ಒಳಗೆ ಗಾಳಿಯಾಡಲು ಬಿಡಿ. ಪಾಚಿ ಕೆರೆದು, ಹಳೇ ಸ್ಕ್ರೂಡ್ರೈವರಿನಿಂದ ಹಲಗೆ ಹಲಗೆ ಚುಚ್ಚಿ ನೋಡಿ. ಗಟ್ಟಿ ಮರ ಠಣ್ ಎನ್ನುತ್ತದೆ, ಕೊಳೆತದ್ದು ಸದ್ದಿಲ್ಲದೆ ಒಳಗೆ ಬಿಡುತ್ತದೆ. ಚೈತ್ರದ ಬಿಸಿಲಿನಲ್ಲಿ ಬಯಲಿಗೆ ಬಿಡಬೇಡಿ. ತೇವ ಸುಮಾರು 30 ಶೇಕಡಾಕ್ಕಿಂತ ಕೆಳಗಿಳಿದ ಮೇಲೆ ಮರ ಅಗಲಕ್ಕೆ ಕುಗ್ಗಲು ಶುರುವಾಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗೆ ಬಿರಿದ ಸಂದಿಗೆ ಹತ್ತಿನೂಲು, ಡಾಂಬರನ್ನು ಗಿಡಿದು ತುಂಬಿದರೆ, ನೀರಿಗಿಳಿದ ಮೇಲೆ ಉಬ್ಬಿದ ಹಲಗೆಗೆ ಜಾಗವಿಲ್ಲದೆ ಮೊಳೆ ಕೀಳುತ್ತದೆ. ನೆರಳಿರಲಿ, ಒದ್ದೆ ಗೋಣಿ ಹೊದಿಸಿ.

ವಾಪಸ್ ಮಗುಚುವಾಗ ಹೆಚ್ಚು ಎಚ್ಚರ ಬೇಕು. ಇದನ್ನು ಲೆಕ್ಕ ಮಾಡುವ ತನಕ ನನಗೆ ಹೊಳೆದಿರಲಿಲ್ಲ. ಈ ಸಲ ದೊಡ್ಡ ಏರು ಮೊದಲೇ ಮುಗಿಯುತ್ತದೆ, ಕೊನೆಯ ಇಳಿತ ತಳದ ಮೇಲೆ: 61 ಸೆಂಟಿಮೀಟರಿನಿಂದ 13ಕ್ಕೆ. 48 ಸೆಂಟಿಮೀಟರ್, ಅಂದರೆ ಅದೇ ಸಿಮೆಂಟ್ ಮೂಟೆ 1.7 ಮೀಟರಿನಿಂದ ಬಿದ್ದಂತೆ. ಬೀಳುವುದು ಈಗಷ್ಟೇ ಕೂರಿಸಿದ ಹೊಸ ಹಲಗೆಯ ಮೇಲೆ.

ಹಾಗಾಗಿ ಶುರುವಿನಲ್ಲೇ ಮರ ಬೆನ್ನಿಗೆ, ನೀರು ಎದುರಿಗೆ ಬರುವಂತೆ ದೋಣಿ ಇಟ್ಟುಕೊಳ್ಳಿ. ಎರಡು ಸಲವೂ ನೀರಿನ ಕಡೆಗೇ ಉರುಳಿಸಿದರೆ ಅದೇ ಮರ, ಅದೇ ಹಗ್ಗ ಸಾಕು. ಪೂರ್ತಿ ಒಂದು ಉರುಳು ಮುಗಿದಾಗ ದೋಣಿ 3.3 ಮೀಟರ್ ಮುಂದೆ ಹೋಗಿರುತ್ತದೆ, ಅಷ್ಟು ಜಾಗದ ಕಲ್ಲು ಮುಳ್ಳು ಮೊದಲೇ ತೆಗೆದಿಡಿ.

ನಮ್ಮದು ಹಾಗೆ ಉರುಳಿ ಮೊಣಕಾಲುದ್ದದ ನೀರಿನ ಹತ್ತಿರಕ್ಕೇ ಬಂದು ಕೂತಿತು. ತಳ್ಳಿ ನೀರಿಗೆ ಬಿಟ್ಟ ಮೊದಲ ದಿನ ಸಂದಿಗಳಲ್ಲಿ ಜಿನುಗಿತು. ದೋಣಿ ಯಜಮಾನರಿಗೆ ಗಾಬರಿ. ಆಚಾರ್ರು ಒಳಗೂ ನಾಲ್ಕು ಬಿಂದಿಗೆ ನೀರು ಹುಯ್ದು, ದಡದ ಗೂಟಕ್ಕೆ ಕಟ್ಟಿ ಬಂದರು. ಮೂರನೇ ಬೆಳಿಗ್ಗೆ ಆ ನೀರನ್ನು ತೋಡಿ ಹಾಕಿ ಸಂದಿಯ ಉದ್ದಕ್ಕೂ ಬೆರಳಾಡಿಸಿದೆ, ಹಲಗೆ ಉಬ್ಬಿ ಒಂದಕ್ಕೊಂದು ಬಿಗಿದುಕೊಂಡಿದ್ದವು.