ಒಂಬತ್ತು ಸೆಕೆಂಡಿನ ಲೆಕ್ಕ: ಡ್ರ್ಯಾಗ್ ರೇಸಿನಲ್ಲಿ ಟೈರಿನ ಹಿಡಿತ

ಘರ್ಷಣೆ ಎಂದರೆ ಚಲನೆಗೆ ಅಡ್ಡ ಬರುವ ಬಲ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಡ್ರ್ಯಾಗ್ ರೇಸ್, ಅಂದರೆ ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ಸ್ವಲ್ಪ ದೂರ ಓಡುವ ಕಾರುಗಳ ಪಂದ್ಯ, ಅರ್ಥವಾಗಬೇಕಾದರೆ ಮೊದಲು ಆ ಮಾತನ್ನು ಬದಿಗಿಡಿ. ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಅಷ್ಟೇ. ಟೈರು ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಕಾರನ್ನು ಮುಂದಕ್ಕೆ ತಳ್ಳುತ್ತದೆ. ಮುಂದಕ್ಕೆ ತಳ್ಳುವ ಆ ಬಲವೇ ಘರ್ಷಣೆ.

ಇದಕ್ಕೊಂದು ಮಿತಿಯಿದೆ: ಘರ್ಷಣಾಂಕ (ಎರಡು ಮೈಗಳ ನಡುವಿನ ಹಿಡಿತದ ಅಳತೆ) × ಲಂಬ ಬಲ (ಟೈರನ್ನು ನೆಲಕ್ಕೆ ಒತ್ತುವ ಬಲ). ತೂಕವೆಲ್ಲ ಎಂಜಿನ್ ತಿರುಗಿಸುವ ಚಕ್ರಗಳ ಮೇಲೆಯೇ ಇದ್ದರೆ ಗರಿಷ್ಠ ವೇಗೋತ್ಕರ್ಷ = ಘರ್ಷಣಾಂಕ × ಜಿ (ಭೂಮಿಯ ಗುರುತ್ವದ ವೇಗೋತ್ಕರ್ಷ). ಕಾರಿನ ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ. ಘರ್ಷಣಾಂಕ 1 ಎಂದಿಟ್ಟುಕೊಂಡು ಕಾಲು ಮೈಲಿಗೆ, ಅಂದರೆ 402 ಮೀಟರಿಗೆ ಲೆಕ್ಕ ಹಾಕಿ ನೋಡಿ. ಬರುವುದು 9.06 ಸೆಕೆಂಡು.

ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಡೆಸುವ ಸ್ಪರ್ಧೆಗಳಲ್ಲಿ ಅತಿ ವೇಗದ ವರ್ಗವಾದ ಟಾಪ್ ಫ್ಯೂಯಲ್ ಕಾರುಗಳು 2008ರಿಂದ 1000 ಅಡಿ, ಅಂದರೆ 305 ಮೀಟರ್ ಓಡುತ್ತವೆ. ಅಷ್ಟನ್ನು 3.7 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತವೆ. ವೇಗ ಒಂದೇ ಸಮನೆ ಏರಿತೆಂದುಕೊಂಡರೂ ಇದು ಸುಮಾರು 4.5 ಜಿ! ಹಾಗಾದರೆ ನಮ್ಮ ಲೆಕ್ಕ ತಪ್ಪಿದ್ದೆಲ್ಲಿ?

ಮೊದಲನೆಯದಾಗಿ, ಘರ್ಷಣಾಂಕ 1ನ್ನು ಮೀರಬಾರದೆಂಬ ನಿಯಮವೇ ಇಲ್ಲ. ಮೆದು ರಬ್ಬರು ನೆಲದ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ, ಜೊತೆಗೆ ಅಂಟಿಕೊಳ್ಳುತ್ತದೆ. ಓಟಕ್ಕೆ ಮುಂಚೆ ಹೊಗೆಯೆಬ್ಬಿಸಿ ಟೈರು ಸುಡುವುದನ್ನು ನಾನು ಬಹಳ ದಿನ ಬರೀ ಆಡಂಬರ ಎಂದುಕೊಂಡಿದ್ದೆ. ಅದು ರಬ್ಬರನ್ನು ಬಿಸಿ ಮಾಡಿ ಅಂಟಾಗಿಸುವ ಕೆಲಸ; ಹಾದಿಯ ಮೇಲೂ ಹೊಸ ರಬ್ಬರಿನ ಪದರ ಕೂರುತ್ತದೆ. ನಿಧಾನಗತಿಯ ಚಿತ್ರಣದಲ್ಲಿ ಹೊರಡುವ ಕ್ಷಣವನ್ನು ನೋಡಿ: ಗಾಳಿ ಕಡಿಮೆಯಿರುವ ಹಿಂದಿನ ಟೈರಿನ ಪಕ್ಕೆ ಹಿಂಡಿದ ಬಟ್ಟೆಯಂತೆ ಸುಕ್ಕುಗಟ್ಟುತ್ತದೆ. ಬುಡ ನೆಲವನ್ನು ಹಿಡಿದುಕೊಂಡಿರುತ್ತದೆ, ನಡುವಿನ ಚಕ್ರ ಆಗಲೇ ತಿರುಗಿರುತ್ತದೆ.

ಎರಡನೆಯದು, ಲಂಬ ಬಲ ಎಂದರೆ ಬರೀ ತೂಕವಲ್ಲ. ವೇಗ ಏರಿದಂತೆ ಹಿಂದಿನ ರೆಕ್ಕೆ ಕಾರನ್ನು ಕೆಳಕ್ಕೆ ಒತ್ತುತ್ತದೆ. ಮೇಲ್ಮುಖವಾಗಿ ಚಿಮ್ಮುವ ಹೊಗೆಕೊಳವೆಯ ಅನಿಲವೂ ಪ್ರತಿಕ್ರಿಯೆಯಾಗಿ ಕೆಳಕ್ಕೆ ಒತ್ತುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಭಾರದ ವರ್ಗಾವಣೆ. ಕಾರು ಮುನ್ನುಗ್ಗಿದಾಗ ಹಿಂದಿನ ಚಕ್ರಗಳ ಮೇಲೆ ದ್ರವ್ಯರಾಶಿ × ವೇಗೋತ್ಕರ್ಷ × ಗುರುತ್ವಕೇಂದ್ರದ ಎತ್ತರ ÷ ಚಕ್ರಾಂತರ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ), ಇಷ್ಟು ಭಾರ ಹೆಚ್ಚುತ್ತದೆ. ಹಿಂಚಕ್ರದಿಂದ ಓಡುವ ಒಂದು ಸಾಮಾನ್ಯ ಕಾರು ತೆಗೆದುಕೊಳ್ಳಿ: ಎತ್ತರ 0.5 ಮೀಟರ್, ಚಕ್ರಾಂತರ 2.5 ಮೀಟರ್, ನಿಂತಾಗ ಅರ್ಧ ತೂಕ ಹಿಂದೆ. ಘರ್ಷಣಾಂಕ 1 ಇದ್ದರೆ ವೇಗೋತ್ಕರ್ಷ 0.625 ಜಿ. ಘರ್ಷಣಾಂಕ 1.5 ಆದರೆ 1.07 ಜಿ. ಹಿಡಿತ ಒಂದೂವರೆ ಪಟ್ಟಾದರೆ ವೇಗೋತ್ಕರ್ಷ 1.7 ಪಟ್ಟು! ಹಿಡಿತ ವೇಗೋತ್ಕರ್ಷವನ್ನು ಹೆಚ್ಚಿಸುತ್ತದೆ, ವೇಗೋತ್ಕರ್ಷ ಭಾರವನ್ನು ಹಿಂದಕ್ಕೆ ತರುತ್ತದೆ, ಆ ಭಾರ ಮತ್ತೆ ಹಿಡಿತ ಕೊಡುತ್ತದೆ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ. ಇದೇ ಕಾರಿನ ವೇಗೋತ್ಕರ್ಷ 2.5 ಜಿ ಮುಟ್ಟಿದರೆ ಮುಂದಿನ ಚಕ್ರಗಳ ಮೇಲೆ ಭಾರವೇ ಉಳಿಯದೆ ಮೂತಿ ಮೇಲೇಳುತ್ತದೆ.

ಟೈರು ಸ್ವಲ್ಪ ಜಾರುತ್ತಲೇ ಅತಿ ಹೆಚ್ಚು ಹಿಡಿತ ಕೊಡುತ್ತದೆ. ಜಾರುವಿಕೆ ಆ ಮಟ್ಟ ದಾಟಿತೋ, ಹಿಡಿತ ಕುಸಿಯುತ್ತದೆ. ಆಗ ಎಂಜಿನ್ ಇನ್ನಷ್ಟು ಒತ್ತಿದಷ್ಟೂ ಚಕ್ರ ಸುಮ್ಮನೆ ಸುತ್ತುತ್ತದೆ.

ಇದೆಲ್ಲ ಓಟದ ಮೊದಲ ಭಾಗದ ಕತೆ. ಶಕ್ತಿ = ಬಲ × ವೇಗ. 1000 ಕಿಲೋಗ್ರಾಂ ಕಾರಿಗೆ ಚಕ್ರದಲ್ಲಿ 300 ಕಿಲೋವ್ಯಾಟ್ ಸಿಕ್ಕರೆ, ಗಂಟೆಗೆ ಸುಮಾರು 110 ಕಿಲೋಮೀಟರ್ ದಾಟಿದ ಮೇಲೆ ಅದು 1 ಜಿ ಕೊಡಲಾರದು. ಅಲ್ಲಿಂದಾಚೆಗೆ ಟೈರಿನಲ್ಲಿ ಹಿಡಿತ ಮಿಕ್ಕಿರುತ್ತದೆ, ಎಂಜಿನ್ ಸಾಲುವುದಿಲ್ಲ.